ಮೂರು ಸೆಕೆಂಡಿನ ಕೆಲಸ, ಐದು ವರ್ಷದ ಕಲಿಕೆ

ಅರವತ್ತು ವರ್ಷಕ್ಕೂ ಹಿಂದಿನ ಮಾತು. ಅಮೆರಿಕದ ಲಾಸ್ ಏಂಜಲೀಸ್ ರ‍್ಯಾಮ್ಸ್ ಎಂಬ ಫುಟ್‌ಬಾಲ್ ತಂಡದವರು ಕಾಲೇಜು ಪಂದ್ಯದ ಫಿಲ್ಮ್ ಹಾಕಿಕೊಂಡು ನೋಡುತ್ತಿದ್ದರು. ಅವರು ನೋಡಬೇಕಿದ್ದದ್ದು ಚೆಂಡು ಹಿಡಿದು ಓಡುವ ಒಬ್ಬ ಹುಡುಗನನ್ನು. ಆದರೆ ಎದುರಾಳಿ ತಂಡದ ಒಬ್ಬ ಭಾರೀ ಆಳು ಆ ಓಟಗಾರನನ್ನೇ ಅಟ್ಟಿಸಿಕೊಂಡು ಹೋಗಿ ಹಿಡಿಯುತ್ತಿದ್ದ. ಅಷ್ಟು ದಪ್ಪ ಮನುಷ್ಯ ಅಷ್ಟು ಜೋರಾಗಿ ಓಡುವುದನ್ನು ಅವರು ಕಂಡಿರಲಿಲ್ಲ. ನೋಡಲು ಹೋದವನನ್ನು ಬಿಟ್ಟು ಈತನ ಹೆಸರು ಬರೆದುಕೊಂಡರು.

ಆತನ ಹೆಸರು ಡೇವಿಡ್ ಜೋನ್ಸ್. ಮುಂದೆ ಜಗತ್ತು ಆತನನ್ನು ಡೀಕನ್ ಜೋನ್ಸ್ ಎಂದು ಕರೆಯಿತು. ಇಂದು ಅಮೆರಿಕದಲ್ಲಿ ಕೋಟಿಗಟ್ಟಲೆ ಡಾಲರ್ ಸಂಬಳ ಪಡೆಯುವ 'ಪಾಸ್ ರಷರ್' ಎಂಬ ಕೆಲಸಕ್ಕೆ ಒಂದು ಹೆಸರು, ಒಂದು ಬೆಲೆ ತಂದುಕೊಟ್ಟವರಲ್ಲಿ ಆತ ಮೊದಲ ಸಾಲಿನವ. ಒಬ್ಬ ಹುಡುಗನನ್ನು ಈ ಕೆಲಸಕ್ಕೆ ತಯಾರು ಮಾಡುವುದು ಹೇಗೆ, ಅದಕ್ಕೆ ಎಷ್ಟು ಕಾಯಬೇಕು, ಕಾಯದಿದ್ದರೆ ಏನಾಗುತ್ತದೆ ಎಂಬ ಕಥೆ ಇದು.

ಮೊದಲು ಆಟ ಏನೆಂದು ತಿಳಿಯೋಣ

ಅಮೆರಿಕನ್ ಫುಟ್‌ಬಾಲ್ ಎಂದರೆ ನಾವು ಟಿವಿಯಲ್ಲಿ ನೋಡುವ, ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡು, ತಲೆಗೆ ಹೆಲ್ಮೆಟ್, ಒಂದೊಂದು ತಂಡದಲ್ಲಿ 11 ಜನ. ಮೈದಾನದ ಉದ್ದ 100 ಗಜ. ಚೆಂಡು ಕೈಯಲ್ಲಿರುವ ತಂಡಕ್ಕೆ ನಾಲ್ಕು ಅವಕಾಶ. ಅಷ್ಟರಲ್ಲಿ 10 ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಅವಕಾಶ, ಇಲ್ಲದಿದ್ದರೆ ಚೆಂಡು ಎದುರಾಳಿಗೆ.

ತಂಡದ ಮೆದುಳು ಕ್ವಾರ್ಟರ್‌ಬ್ಯಾಕ್. ಚೆಂಡನ್ನು ದೂರಕ್ಕೆ ಎಸೆಯುವವನು ಅವನೇ. ಅವನ ಮುಂದೆ ಐದು ಜನ ದೈತ್ಯರು ಗೋಡೆ ಕಟ್ಟಿ ನಿಲ್ಲುತ್ತಾರೆ. ಆ ಗೋಡೆಯನ್ನು ದಾಟಿ, ಚೆಂಡು ಕೈಬಿಡುವ ಮೊದಲೇ ಕ್ವಾರ್ಟರ್‌ಬ್ಯಾಕನ್ನು ನೆಲಕ್ಕೆ ಕೆಡವುವುದು ಪಾಸ್ ರಷರ್ ಕೆಲಸ. ಸಿಗುವ ಸಮಯ ಎರಡೂವರೆಯಿಂದ ಮೂರು ಸೆಕೆಂಡ್. ಕಬಡ್ಡಿ ಗೊತ್ತಿರುವವರಿಗೆ ಇದು ಬೇಗ ಅರ್ಥವಾಗುತ್ತದೆ. ದಾಳಿಗೆ ಹೋದವನು ಒಬ್ಬ, ಎದುರಿಗೆ ತಡೆಯುವವರು ಹಲವರು, ಉಸಿರು ಮುಗಿಯುವ ಮೊದಲು ಮುಟ್ಟಬೇಕು. ಇಲ್ಲಿ ಮುಟ್ಟಿದರೆ ಸಾಲದು, ಕೆಡವಬೇಕು.

ಹಾಗೆ ಕೆಡವುವುದಕ್ಕೆ 'ಸ್ಯಾಕ್' ಎನ್ನುತ್ತಾರೆ. ಈ ಪದ ಚಾಲ್ತಿಗೆ ತಂದದ್ದು ತಾನೇ ಎಂದು ಜೋನ್ಸ್ ಹೇಳಿಕೊಳ್ಳುತ್ತಿದ್ದ. ಎದುರಾಳಿಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಬ್ಯಾಟಿನಿಂದ ಬಾರಿಸಿದ ಹಾಗೆ ಎಂದು ಆತ ಅದನ್ನು ವಿವರಿಸುತ್ತಿದ್ದ.

ಈಟನ್‌ವಿಲ್‌ನ ಹುಡುಗ

ಡೀಕನ್ ಜೋನ್ಸ್ ಹುಟ್ಟಿದ್ದು 1938ರಲ್ಲಿ, ಫ್ಲೋರಿಡಾ ರಾಜ್ಯದ ಈಟನ್‌ವಿಲ್‌ನಲ್ಲಿ. ಅದು ಕಪ್ಪುಜನರೇ ಕಟ್ಟಿ, ತಾವೇ ಆಳಿಕೊಂಡ ಚಿಕ್ಕ ಊರು. ದೊಡ್ಡ ಕುಟುಂಬ, ಚಿಕ್ಕ ಮನೆ. ಓದಲು ಸೌತ್ ಕ್ಯಾರೊಲಿನಾ ಸ್ಟೇಟ್ ಕಾಲೇಜಿಗೆ ಹೋದ. ಅಲ್ಲಿ ಜನಾಂಗಭೇದದ ವಿರುದ್ಧದ ಪ್ರತಿಭಟನೆಯಲ್ಲಿ ಪಾಲ್ಗೊಂಡದ್ದಕ್ಕೆ ವಿದ್ಯಾರ್ಥಿವೇತನ ಹೋಯಿತು. ಕೊನೆಗೆ ಮಿಸಿಸಿಪ್ಪಿಯ ಒಂದು ವೃತ್ತಿಶಿಕ್ಷಣ ಕಾಲೇಜು ಸೇರಿದ. ದೊಡ್ಡ ತಂಡಗಳ ಕಣ್ಣು ಅಲ್ಲಿಗೆ ಬೀಳುತ್ತಿರಲಿಲ್ಲ.

ಅಮೆರಿಕದಲ್ಲಿ ವೃತ್ತಿಪರ ತಂಡಗಳು ಹೊಸ ಹುಡುಗರನ್ನು ಸರದಿ ಪ್ರಕಾರ ಆರಿಸಿಕೊಳ್ಳುತ್ತವೆ. ಇದಕ್ಕೆ 'ಡ್ರಾಫ್ಟ್' ಎನ್ನುತ್ತಾರೆ. 1961ರ ಡ್ರಾಫ್ಟಿನಲ್ಲಿ ಜೋನ್ಸ್ ಹೆಸರು ಬಂದದ್ದು 14ನೇ ಸುತ್ತಿನಲ್ಲಿ, 186ನೆಯವನಾಗಿ. ಈಗಿನ ಡ್ರಾಫ್ಟಿನಲ್ಲಿ ಇರುವುದೇ ಏಳು ಸುತ್ತು. ಅಂದರೆ ಈಗಿನ ಲೆಕ್ಕದಲ್ಲಿ ಆತನ ಸುತ್ತು ಬರುವ ಮೊದಲೇ ಎಲ್ಲರೂ ಎದ್ದು ಮನೆಗೆ ಹೋಗಿರುತ್ತಿದ್ದರು.

ಆತನಿಗೆ ಹೆಸರಿನದೂ ಒಂದು ಚಿಂತೆ ಇತ್ತು. ಡೇವಿಡ್ ಜೋನ್ಸ್ ಎಂಬ ಹೆಸರಿನವರು ಟೆಲಿಫೋನ್ ಡೈರೆಕ್ಟರಿ ತುಂಬ ಇದ್ದಾರೆ, ಯಾರೂ ನನ್ನನ್ನು ನೆನಪಿಡುವುದಿಲ್ಲ ಎಂದು ತಾನೇ 'ಡೀಕನ್' ಎಂಬ ಹೆಸರು ಇಟ್ಟುಕೊಂಡ.

ರ‍್ಯಾಮ್ಸ್ ತಂಡದಲ್ಲಿ ಮರ್ಲಿನ್ ಓಲ್ಸನ್, ರೋಸಿ ಗ್ರಿಯರ್, ಲಾಮಾರ್ ಲುಂಡಿ ಜೊತೆ ಸೇರಿ ಆತ ಕಟ್ಟಿದ ನಾಲ್ವರ ಪಡೆಗೆ 'ಫಿಯರ್‌ಸಮ್ ಫೋರ್‌ಸಮ್' ಎಂದು ಹೆಸರು ಬಂತು. ಆತನ ಮುಖ್ಯ ಪಟ್ಟು 'ಹೆಡ್ ಸ್ಲ್ಯಾಪ್'. ಎದುರಿನವನ ಹೆಲ್ಮೆಟ್ಟಿನ ಪಕ್ಕಕ್ಕೆ ಅಂಗೈಯಿಂದ ಪಟಾರನೆ ಬಾರಿಸುವುದು. ಆತ ಕಣ್ಣು ಮಿಟುಕಿಸುವಷ್ಟರಲ್ಲಿ ಪಕ್ಕದಿಂದ ನುಗ್ಗಿಬಿಡುವುದು. ಈ ಪಟ್ಟನ್ನು ತಾನು ಕಂಡುಹಿಡಿದದ್ದಲ್ಲ, ಪಳಗಿಸಿದ್ದು ಮಾತ್ರ ಎಂದು ಜೋನ್ಸ್ ಒಪ್ಪಿಕೊಂಡಿದ್ದ. ಆ ಕಾಲದಲ್ಲಿ ಕಲಿಕೆ ಹೀಗೇ ನಡೆಯುತ್ತಿತ್ತು. ಹಿರಿಯ ಆಟಗಾರನಿಂದ ಒಂದು ಪಟ್ಟು ಕದ್ದು, ಪಂದ್ಯದಲ್ಲಿ ಹಾಕಿ ನೋಡಿ, ಪೆಟ್ಟು ತಿಂದು ಕಲಿಯುವುದು.

ಜೋನ್ಸ್ 1980ರಲ್ಲಿ ಹಾಲ್ ಆಫ್ ಫೇಮ್ ಸೇರಿದ. ಆದರೆ ಲೀಗಿನ ಅಧಿಕೃತ ಪುಸ್ತಕದಲ್ಲಿ ಆತನ ಸ್ಯಾಕ್ ಲೆಕ್ಕವೇ ಇಲ್ಲ. ಯಾಕೆಂದರೆ ಲೀಗ್ ಸ್ಯಾಕ್ ಎಣಿಸಲು ಶುರು ಮಾಡಿದ್ದು 1982ರಲ್ಲಿ. ಆತ ಆಟ ನಿಲ್ಲಿಸಿದ್ದು 1974ರಲ್ಲಿ. ಮುಂದೆ ಸಂಶೋಧಕರು ಹಳೆಯ ಪಂದ್ಯಗಳ ದಾಖಲೆ ಕೂತು ಎಣಿಸಿ 173.5 ಎಂದು ಲೆಕ್ಕ ಕೊಟ್ಟರು. ಇಬ್ಬರು ಸೇರಿ ಕೆಡವಿದರೆ ತಲಾ ಅರ್ಧ, ಅದಕ್ಕೇ ಆ ಅರ್ಧ.  ಜೋನ್ಸ್ 2013ರಲ್ಲಿ ತೀರಿಕೊಂಡ.

ನಿಯಮ ಬದಲಾಯಿತು, ಕಲಿಕೆಯೂ ಬದಲಾಯಿತು

1977ರಲ್ಲಿ ತಲೆಗೆ ಬಾರಿಸುವ ಪಟ್ಟನ್ನು ಲೀಗ್ ನಿಷೇಧಿಸಿತು. ಮರುವರ್ಷ ತಡೆಯುವವರಿಗೆ ಇನ್ನೊಂದು ಅನುಕೂಲ ಸಿಕ್ಕಿತು. ಅವರು ತೋಳು ಚಾಚಿ, ಅಂಗೈ ಬಿಚ್ಚಿ ತಳ್ಳಬಹುದು ಎಂದಾಯಿತು. ಎಸೆತದ ಆಟ ಹೆಚ್ಚಲಿ, ನೋಡುವವರಿಗೆ ಮಜಾ ಬರಲಿ ಎಂಬುದು ಉದ್ದೇಶ.

ಇದರಿಂದ ಪಾಸ್ ರಷರ್‌ಗಳ ಪಾಡು ಕಷ್ಟವಾಯಿತು. ಬರೀ ಬಲ, ಬರೀ ಬಾರಿಸುವುದು ನಡೆಯದು. ಎದೆಗೆ ಬರುವ ಕೈಯನ್ನು ತಪ್ಪಿಸುವುದೇ ಈಗ ವಿದ್ಯೆ. ಡಲ್ಲಾಸ್ ಕೌಬಾಯ್ಸ್ ತಂಡದ ರ‍್ಯಾಂಡಿ ವೈಟ್, ಬ್ರೂಸ್ ಲೀ ಶಿಷ್ಯ ಡ್ಯಾನ್ ಇನೊಸ್ಯಾಂಟೊ ಬಳಿ ಕೈಚಳಕ ಕಲಿತದ್ದು ಸುಮ್ಮನೆ ಅಲ್ಲ.

1981ರಲ್ಲಿ ಇಬ್ಬರು ಹುಡುಗರು ಲೀಗಿಗೆ ಬಂದರು. ಒಬ್ಬ ಲಾರೆನ್ಸ್ ಟೇಲರ್. ನ್ಯೂಯಾರ್ಕ್ ಜೈಂಟ್ಸ್ ಆತನನ್ನು ಡ್ರಾಫ್ಟಿನಲ್ಲಿ ಎರಡನೆಯವನಾಗಿ ಆರಿಸಿತು. ಆತ ಮೊದಲ ವರ್ಷವೇ ಇಡೀ ಲೀಗಿನ ಅತ್ಯುತ್ತಮ ರಕ್ಷಣಾ ಆಟಗಾರ ಎನಿಸಿಕೊಂಡ. 1986ರಲ್ಲಿ 20.5 ಸ್ಯಾಕ್ ಮಾಡಿ ಇಡೀ ಲೀಗಿನ ಅತ್ಯಂತ ಬೆಲೆಬಾಳುವ ಆಟಗಾರನಾದ. 1985ರ ನವೆಂಬರಿನ ಒಂದು ರಾತ್ರಿ ಆತ ಕೆಡವಿದಾಗ ವಾಷಿಂಗ್ಟನ್ ತಂಡದ ಕ್ವಾರ್ಟರ್‌ಬ್ಯಾಕ್ ಜೋ ಥೈಸ್‌ಮನ್ ಕಾಲು ಮುರಿಯಿತು. ಥೈಸ್‌ಮನ್ ಮತ್ತೆಂದೂ ಆಡಲಿಲ್ಲ. ಕೆಡವಿದ ಟೇಲರೇ ಎದ್ದು ನಿಂತು, ಬೇಗ ಬನ್ನಿ ಎಂದು ಕೈಬೀಸಿ ಡಾಕ್ಟರನ್ನು ಕರೆದದ್ದನ್ನು ಟಿವಿಯಲ್ಲಿ ದೇಶವೇ ನೋಡಿತು.

ಟೇಲರ್‌ಗೆ ಹೆದರಿ ತಂಡಗಳು ಎಡತುದಿಯಲ್ಲಿ ನಿಲ್ಲುವ ತಡೆಗಾರನಿಗೆ ಹೆಚ್ಚು ಹಣ ಕೊಡತೊಡಗಿದವು. ಬಲಗೈಯಲ್ಲಿ ಎಸೆಯುವ ಕ್ವಾರ್ಟರ್‌ಬ್ಯಾಕಿಗೆ ಎಡಬೆನ್ನಿನ ಕಡೆ ಕಣ್ಣು ಹೋಗುವುದಿಲ್ಲ. ಜೊತೆಗೆ ಎಲ್ಲ ತಂಡಗಳಿಗೂ ಒಂದು ಆಸೆ ಹತ್ತಿತು: ನಮಗೂ ಒಬ್ಬ ಟೇಲರ್ ಬೇಕು, ಬಂದ ವರ್ಷವೇ ಫಲ ಕೊಡುವವನು ಬೇಕು.

ಎರಡನೆಯ ಹುಡುಗ ಹೋವಿ ಲಾಂಗ್. ಓದಿದ್ದು ವಿಲನೋವಾ, ಫುಟ್‌ಬಾಲಿಗೆ ಅಷ್ಟೇನೂ ಹೆಸರಿಲ್ಲದ ವಿಶ್ವವಿದ್ಯಾಲಯ. ರೈಡರ್ಸ್ ತಂಡ ಆತನನ್ನು ಎರಡನೇ ಸುತ್ತಿನಲ್ಲಿ, 48ನೆಯವನಾಗಿ ತೆಗೆದುಕೊಂಡಿತು. ಆತನಿಗೆ ಸಿಕ್ಕ ಭಾಗ್ಯ ಎಂದರೆ ಕೋಚ್ ಅರ್ಲ್ ಲೆಗೆಟ್. ತಾನೂ ಒಂದು ಕಾಲದಲ್ಲಿ ಅದೇ ಜಾಗದಲ್ಲಿ ಆಡಿ, 1963ರಲ್ಲಿ ಷಿಕಾಗೊ ಬೇರ್ಸ್ ಜೊತೆ ಪ್ರಶಸ್ತಿ ಗೆದ್ದವನು. ಹುಡುಗನ ಕಾಲು, ಕೈ, ಭುಜ ಒಂದೊಂದನ್ನೂ ತಿದ್ದಿದ. 2000ದಲ್ಲಿ ಲಾಂಗ್ ಹಾಲ್ ಆಫ್ ಫೇಮ್ ಸೇರಿದಾಗ ವೇದಿಕೆಯಲ್ಲಿ ತನ್ನನ್ನು ಪರಿಚಯಿಸಲು ಆರಿಸಿಕೊಂಡದ್ದು ಇದೇ ಲೆಗೆಟ್‌ನನ್ನು.

ಟೇಲರ್ ದಾರಿಯೂ ಲಾಂಗ್ ದಾರಿಯೂ ಒಂದೇ ಹಾಲ್ ಆಫ್ ಫೇಮ್‌ಗೆ ಹೋದವು. ಆದರೆ ಟೇಲರ್‌ನಂಥವರು ಸಿಗುವುದು ಅಪರೂಪ. ಬಹುಪಾಲು ಹುಡುಗರಿಗೆ ಬೇಕಾದ್ದು ಒಬ್ಬ ಲೆಗೆಟ್.

ಜರ್ಮನಿಯಿಂದ ಬಂದವನು

ಈಗ ಮೈಕಲ್ ಸ್ಟ್ರೇಹನ್ ಕಥೆಗೆ ಬರೋಣ. ಇಂದು ಅಮೆರಿಕದ ಟಿವಿಯಲ್ಲಿ ಬೆಳಗಿನ ಕಾರ್ಯಕ್ರಮ ನಡೆಸುವ, ಮುಂದಿನ ಹಲ್ಲುಗಳ ನಡುವೆ ಸಂದಿ ಇರುವ ನಗುಮುಖದ ಮನುಷ್ಯ.

1971ರಲ್ಲಿ ಹ್ಯೂಸ್ಟನ್‌ನಲ್ಲಿ ಹುಟ್ಟಿದ. ಅಪ್ಪ ಸೇನೆಯಲ್ಲಿ ಮೇಜರ್. ಒಂಬತ್ತನೇ ವಯಸ್ಸಿಗೆ ಮನೆ ಜರ್ಮನಿಯ ಮ್ಯಾನ್‌ಹೈಮ್‌ಗೆ ಹೋಯಿತು. ಹುಡುಗ ಆಗ ದಪ್ಪ. ಅಣ್ಣಂದಿರು ಗೇಲಿ ಮಾಡುತ್ತಿದ್ದರು. ಸಿಟ್ಟಿಗೆ ವಿಡಿಯೊ ಕ್ಯಾಸೆಟ್ ಹಾಕಿಕೊಂಡು ವ್ಯಾಯಾಮ ಶುರು ಮಾಡಿದ. ಪ್ರೌಢಶಾಲೆಯ ಕೊನೆಯ ವರ್ಷಕ್ಕೆ ಮೊದಲು ಅಪ್ಪ ಅವನನ್ನು ಹ್ಯೂಸ್ಟನ್‌ಗೆ, ತನ್ನ ಸೋದರ ಆರ್ಟ್ ಸ್ಟ್ರೇಹನ್ ಮನೆಗೆ ಕಳಿಸಿದ. ಆರ್ಟ್ ಹಿಂದೆ ವೃತ್ತಿಪರ ಫುಟ್‌ಬಾಲ್ ಆಡಿದವನು. ಹುಡುಗ ಅಲ್ಲಿ ಶಾಲಾ ತಂಡಕ್ಕೆ ಆಡಿದ್ದು ಒಂದೇ ಒಂದು ಋತು. ಅದರ ಮೇಲೆ ಟೆಕ್ಸಸ್ ಸದರ್ನ್ ವಿಶ್ವವಿದ್ಯಾಲಯದ ವಿದ್ಯಾರ್ಥಿವೇತನ ಸಿಕ್ಕಿತು.

1993ರ ಡ್ರಾಫ್ಟಿನಲ್ಲಿ ಜೈಂಟ್ಸ್ ಅವನನ್ನು ಎರಡನೇ ಸುತ್ತಿನಲ್ಲಿ, 40ನೆಯವನಾಗಿ ಆರಿಸಿತು. ಅದು ಲಾರೆನ್ಸ್ ಟೇಲರ್‌ನ ಕೊನೆಯ ವರ್ಷ. ಹಳೆಯ ಹುಲಿ ಹೊರಡುವಾಗ ಹೊಸ ಹುಡುಗ ಬಾಗಿಲಲ್ಲಿ ನಿಂತಿದ್ದ.

ಈಗ ಈ ಅಂಕಿಗಳನ್ನು ಗಮನಿಸಿ. ಮೊದಲ ವರ್ಷ 1 ಸ್ಯಾಕ್, ಕಾಲಿನ ಗಾಯ ಬೇರೆ. ಎರಡನೇ ವರ್ಷ 4.5. ಮೂರನೇ ವರ್ಷ 7.5. ನಾಲ್ಕನೇ ವರ್ಷ ಮತ್ತೆ ಇಳಿದು 5. ನಾಲ್ಕು ವರ್ಷ ಸೇರಿ 18. ಟೇಲರ್ ಒಂದೇ ವರ್ಷದಲ್ಲಿ ಮಾಡಿದ್ದಕ್ಕಿಂತ ಕಡಿಮೆ.

ಐದನೇ ವರ್ಷ, 1997ರಲ್ಲಿ, 14. ಆರನೇ ವರ್ಷ 15. ಮತ್ತೆ ಏಳುಬೀಳು. 2001ರಲ್ಲಿ 22.5. ಆವರೆಗಿನ ದಾಖಲೆ 1984ರಲ್ಲಿ ಮಾರ್ಕ್ ಗ್ಯಾಸ್ಟಿನೊ ಮಾಡಿದ್ದ 22. ದಾಖಲೆ ಮುರಿದ ಆ ಕೊನೆಯ ಸ್ಯಾಕಿನಲ್ಲಿ ಎದುರಿನ ಕ್ವಾರ್ಟರ್‌ಬ್ಯಾಕ್ ಬ್ರೆಟ್ ಫಾವ್ರ್ ತಾನಾಗಿಯೇ ಬಿದ್ದುಕೊಟ್ಟ ಎಂಬ ತಕರಾರು ಇಂದಿಗೂ ಇದೆ. ಅದು ಇರಲಿ. ಉಳಿದ 21.5ನ್ನು ಯಾರೂ ದಾನ ಕೊಟ್ಟಿರಲಿಲ್ಲ.

ಆ ನಾಲ್ಕು ವರ್ಷ ಏನು ಕಲಿಯುತ್ತಾರೆ?

ಹೊರಗಿನಿಂದ ನೋಡಿದರೆ ಇದು ಬಲದ ಆಟ. ಒಳಗೆ ಹೋದರೆ ಇದು ಗರಡಿಮನೆಯ ಹಾಗೆ, ಪಟ್ಟಿನ ಆಟ.

ಮೊದಲನೆಯದು ಮೊದಲ ಹೆಜ್ಜೆ. ಚೆಂಡು ಅಲುಗಿದ ಕ್ಷಣವೇ ಹೊರಡಬೇಕು. ಕ್ವಾರ್ಟರ್‌ಬ್ಯಾಕಿನ ಕೂಗು ಕೇಳಿ ಹೊರಟರೆ ಮೋಸ ಹೋಗುತ್ತಾರೆ. ಕಿವಿ ಮುಚ್ಚಿ ಕಣ್ಣು ತೆರೆದಿರಬೇಕು.

ಎರಡನೆಯದು ಕೈ. ಎದುರಿನವನ ಕೈ ಎದೆ ಮುಟ್ಟುವ ಮೊದಲೇ ಹೊಡೆದು ಇಳಿಸಬೇಕು. ಅವನ ತೋಳಿನ ಕೆಳಗಿಂದ ತೋಳು ಎತ್ತಿ ನುಗ್ಗಿದರೆ 'ರಿಪ್'. ಮೇಲಿಂದ ಈಜಿನ ಹಾಗೆ ತೋಳು ಹಾಕಿ ದಾಟಿದರೆ 'ಸ್ವಿಮ್'. ಗಿರ್ರನೆ ತಿರುಗಿ ಒಳಗೆ ಬಂದರೆ 'ಸ್ಪಿನ್'. ಏನೂ ಇಲ್ಲದೆ ಗೂಳಿಯ ಹಾಗೆ ತಳ್ಳಿಕೊಂಡು ಹೋದರೆ 'ಬುಲ್ ರಷ್'.

ಮೂರನೆಯದು ಬಾಗುವಿಕೆ. 120 ಕೆ.ಜಿ. ತೂಕದ ಮನುಷ್ಯ ಪೂರ್ತಿ ವೇಗದಲ್ಲಿ ಓಡುತ್ತ, ಮೈಯನ್ನು ನೆಲದ ಕಡೆ ವಾಲಿಸಿ ತಿರುವು ತೆಗೆದುಕೊಳ್ಳಬೇಕು. ಬೈಕ್ ತಿರುವಿನಲ್ಲಿ ವಾಲುವ ಹಾಗೆ. ಇದಕ್ಕಾಗಿ ನೆಲದ ಮೇಲೆ ದೊಡ್ಡ ಬಳೆ ಹಾಕಿ ಸುತ್ತ ಓಡಿಸುತ್ತಾರೆ.

ನಾಲ್ಕನೆಯದು ಎಲ್ಲಕ್ಕಿಂತ ಕಷ್ಟ: ಯೋಜನೆ. ಒಂದು ಪಂದ್ಯದಲ್ಲಿ ಒಬ್ಬನೇ ತಡೆಗಾರನನ್ನು ಮೂವತ್ತು ಸಲ ಎದುರಿಸಬೇಕಾಗಬಹುದು. ಮೊದಲ ಹತ್ತು ಸಲ ಹೊರಗಿನಿಂದ ಹೋಗಿ ಸೋತರೂ ಪರವಾಗಿಲ್ಲ. ಅವನು ಹೊರಗೆ ವಾಲುವ ಅಭ್ಯಾಸ ಬೀಳಲಿ. ಹನ್ನೊಂದನೇ ಸಲ ಒಳಗೆ ನುಗ್ಗಬೇಕು. ಆ ಹತ್ತು ಸೋಲು ಆ ಒಂದು ಗೆಲುವಿನ ಬಂಡವಾಳ. ಇದು ಇಪ್ಪತ್ತೆರಡರ ಹುಡುಗನಿಗೆ ಹೇಳಿದರೆ ಅರ್ಥವಾಗುವುದಿಲ್ಲ. ಆಡಿ, ಸೋತು, ಫಿಲ್ಮ್ ನೋಡಿ, ಮತ್ತೆ ಆಡಿದರೆ ಮಾತ್ರ ತಲೆಗೆ ಹೋಗುತ್ತದೆ.

ಇದರ ಇನ್ನೊಂದು ಮುಖವೂ ಇದೆ. 2008ರಲ್ಲಿ ನ್ಯೂಯಾರ್ಕ್ ಜೆಟ್ಸ್ ತಂಡ ವರ್ನನ್ ಗೋಲ್ಸ್ಟನ್ ಎಂಬ ಹುಡುಗನನ್ನು ಆರನೆಯವನಾಗಿ ಆರಿಸಿತು. ಒಹಾಯೊ ಸ್ಟೇಟ್ ಕಾಲೇಜಿನಲ್ಲಿ ಹೆಸರು ಮಾಡಿದ್ದ. ಓಟ, ಭಾರ ಎತ್ತುವುದು, ಜಿಗಿತ, ಅಳೆದದ್ದರಲ್ಲೆಲ್ಲ ಮುಂದು. ಜೆಟ್ಸ್‌ಗೆ ಮೂರು ವರ್ಷ ಆಡಿದ. ಸ್ಯಾಕ್ ಸೊನ್ನೆ. ತಂಡ ಕೈಬಿಟ್ಟಿತು. ಆಮೇಲೆ ಲೀಗಿನ ಒಂದು ಪಂದ್ಯವನ್ನೂ ಆಡಲಿಲ್ಲ. ಟೇಪು, ತಕ್ಕಡಿ, ಗಡಿಯಾರ ಮೈಯನ್ನು ಅಳೆಯುತ್ತವೆ. ಪಟ್ಟು ಕಲಿಯುತ್ತಾನೋ ಇಲ್ಲವೋ ಎಂಬುದನ್ನು ಅಳೆಯುವ ಯಂತ್ರ ಇನ್ನೂ ಬಂದಿಲ್ಲ.

ಕಲಿತವನು ಕಲಿಸಿದ

ಸ್ಟ್ರೇಹನ್ ಹಿರಿಯನಾದಾಗ ಜೈಂಟ್ಸ್ ತಂಡಕ್ಕೆ ಇಬ್ಬರು ಕಿರಿಯರು ಬಂದರು. ಒಬ್ಬ ಓಸಿ ಉಮೆನಿಯೋರಾ. ಹುಟ್ಟಿದ್ದು ಲಂಡನ್, ಬಾಲ್ಯ ನೈಜೀರಿಯಾ, ಓದು ಅಲಬಾಮಾ. 2003ರಲ್ಲಿ 56ನೆಯ ಆಯ್ಕೆ. ಇನ್ನೊಬ್ಬ ಜಸ್ಟಿನ್ ಟಕ್, 2005ರಲ್ಲಿ 74ನೆಯ ಆಯ್ಕೆ. ಇಬ್ಬರೂ ಮೊದಲ ಸುತ್ತಿನವರಲ್ಲ. ಇಬ್ಬರೂ ಸ್ಟ್ರೇಹನ್ ಪಕ್ಕದಲ್ಲಿ ನಿಂತು ಕಲಿತರು.

2007ರಲ್ಲಿ ಆ ತಂಡ 53 ಸ್ಯಾಕ್ ಮಾಡಿ ಲೀಗಿಗೇ ಮೊದಲಾಯಿತು. ಒಂದು ಪಂದ್ಯದಲ್ಲಿ ಉಮೆನಿಯೋರಾ ಒಬ್ಬನೇ ಆರು ಸ್ಯಾಕ್ ಮಾಡಿದ. 2008ರ ಫೆಬ್ರುವರಿ 3ರಂದು ಸೂಪರ್ ಬೌಲ್ ಫೈನಲ್. ಎದುರಿಗೆ ಆ ವರ್ಷ ಆಡಿದ 18 ಪಂದ್ಯವನ್ನೂ ಗೆದ್ದಿದ್ದ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್. ಜೈಂಟ್ಸ್ ಹುಡುಗರು ಟಾಮ್ ಬ್ರೇಡಿಯನ್ನು ಐದು ಸಲ ಕೆಡವಿದರು. ಅದರಲ್ಲಿ ಎರಡು ಟಕ್‌ನದು, ಒಂದು ಸ್ಟ್ರೇಹನ್‌ನದು. 17–14ರಿಂದ ಜೈಂಟ್ಸ್ ಗೆದ್ದಿತು. ಕೆಲವೇ ತಿಂಗಳಲ್ಲಿ ಸ್ಟ್ರೇಹನ್ ನಿವೃತ್ತನಾದ. ಒಟ್ಟು ಸ್ಯಾಕ್ 141.5.

1996ರ ಕೊನೆಯಲ್ಲಿ, ನಾಲ್ಕು ವರ್ಷಕ್ಕೆ 18 ಸ್ಯಾಕ್ ಮಾಡಿದ್ದ ಹುಡುಗನನ್ನು ಜೈಂಟ್ಸ್ ಸಾಕು ಎಂದು ಕಳಿಸಿದ್ದರೆ? ಹೋಗುತ್ತಿದ್ದದ್ದು ಅವನೊಬ್ಬನೇ ಅಲ್ಲ. ಅವನ ಕೈಕೆಳಗೆ ಬೆಳೆದ ಇಬ್ಬರ ಕಲಿಕೆಯೂ ಹೋಗುತ್ತಿತ್ತು.

ಕಾಯುವ ಕಾಲ ಕಡಿಮೆಯಾಯಿತು

2011ರಲ್ಲಿ ಲೀಗ್ ಮತ್ತು ಆಟಗಾರರ ಸಂಘದ ನಡುವೆ ಹೊಸ ಒಪ್ಪಂದವಾಯಿತು. ಡ್ರಾಫ್ಟಿನಲ್ಲಿ ಬಂದ ಹುಡುಗನಿಗೆ ಮೊದಲ ಒಪ್ಪಂದ ನಾಲ್ಕು ವರ್ಷ. ಮೊದಲ ಸುತ್ತಿನವನಿಗೆ ಮಾತ್ರ, ತಂಡ ಬಯಸಿದರೆ, ಐದನೇ ವರ್ಷ. ಸ್ಟ್ರೇಹನ್ ಅರಳಿದ್ದು ಐದನೇ ವರ್ಷ. ಆತ ಎರಡನೇ ಸುತ್ತಿನವನು. ಲೆಕ್ಕ ನೀವೇ ಹಾಕಿ.

ಅದೇ ಒಪ್ಪಂದ ಅಭ್ಯಾಸವನ್ನೂ ಕಡಿಮೆ ಮಾಡಿತು. ದಿನಕ್ಕೆ ಎರಡು ಸಲ ಮೈಗೆ ಮೈ ತಾಗಿಸಿ ಆಡುವುದು ನಿಂತಿತು. ಋತು ಶುರುವಾದ ಮೇಲೆ ಕವಚ ತೊಟ್ಟು ಗುದ್ದಾಡುವ ಅಭ್ಯಾಸ 14 ದಿನಕ್ಕೆ ಸೀಮಿತವಾಯಿತು. ಇದನ್ನು ತಪ್ಪು ಎನ್ನಲಾಗದು. ತಲೆಗೆ ಬೀಳುವ ಪೆಟ್ಟಿನಿಂದ ಮುಂದೆ ಮೆದುಳಿಗೆ ಆಗುವ ಹಾನಿಯ ಬಗ್ಗೆ ಸಾವಿರಾರು ಹಳೆಯ ಆಟಗಾರರು ಕೋರ್ಟಿಗೆ ಹೋಗಿದ್ದರು. 2013ರಲ್ಲಿ ಲೀಗ್ 76.5 ಕೋಟಿ ಡಾಲರ್ ರಾಜಿಗೆ ಒಪ್ಪಿತು. ಮುಂದೆ ಆ ಮಿತಿಯನ್ನೂ ತೆಗೆಯಬೇಕಾಯಿತು. ಡೀಕನ್ ಜೋನ್ಸ್ ಬಾರಿಸಿದ ಒಂದೊಂದು ಪೆಟ್ಟೂ ಯಾರದೋ ತಲೆಗೆ ಬಿದ್ದದ್ದೇ ಅಲ್ಲವೇ?

ಮೈ ಉಳಿಯಬೇಕು, ವಿದ್ಯೆಯೂ ಬರಬೇಕು. ಈ ಇಕ್ಕಟ್ಟಿನಲ್ಲಿ ಆಟಗಾರರೇ ಒಂದು ದಾರಿ ಹುಡುಕಿಕೊಂಡರು. ಡೆನ್ವರ್ ತಂಡದಲ್ಲಿದ್ದ ವಾನ್ ಮಿಲ್ಲರ್ 2017ರಲ್ಲಿ ರಜೆಯ ಕಾಲದಲ್ಲಿ ಪಾಸ್ ರಷರ್‌ಗಳ ಶಿಬಿರ ಶುರು ಮಾಡಿದ. ಬೇರೆ ಬೇರೆ ತಂಡದವರು ಬಂದು, ಫಿಲ್ಮ್ ಹಾಕಿಕೊಂಡು, ತಮ್ಮ ತಮ್ಮ ಪಟ್ಟನ್ನು ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ. ಎದುರಾಳಿಗೆ ಗುಟ್ಟು ಬಿಟ್ಟುಕೊಡುವುದೇ ಎಂದು ಕೇಳಬಹುದು. ಆದರೆ ಅವರು ಪಂದ್ಯದಲ್ಲಿ ಒಬ್ಬರಿಗೊಬ್ಬರು ಎದುರು ನಿಲ್ಲುವುದಿಲ್ಲ. ಅವರೆಲ್ಲರ ಎದುರಾಳಿ ಆ ಗೋಡೆ.

ಗೋದಾಮಿನಿಂದ ಮೈದಾನಕ್ಕೆ

ಕೊನೆಯದಾಗಿ ಎಫೆ ಒಬಾಡಾ. 1992ರಲ್ಲಿ ನೈಜೀರಿಯಾದಲ್ಲಿ ಹುಟ್ಟಿದ. ಹತ್ತು ವರ್ಷದವನಿದ್ದಾಗ ಅವನನ್ನೂ ಸೋದರಿಯನ್ನೂ ಲಂಡನ್‌ಗೆ ಕರೆತಂದವರು ಬೀದಿಯಲ್ಲಿ ಬಿಟ್ಟುಹೋದರು. ಮುಂದೆ ಸಾಕುಮನೆಗಳಲ್ಲಿ ಬೆಳೆದ. ದೊಡ್ಡವನಾದ ಮೇಲೆ ಗೋದಾಮಿನಲ್ಲಿ ಕೆಲಸ. ಗೆಳೆಯನೊಬ್ಬನ ಮಾತಿಗೆ ಲಂಡನ್ ವಾರಿಯರ್ಸ್ ಎಂಬ ಹವ್ಯಾಸಿ ತಂಡ ಸೇರಿದ. ಅಲ್ಲಿನ ಕೋಚ್ ಏಡನ್ ಡರ್ಡ್ ಮೂಲಕ ಡಲ್ಲಾಸ್ ಕೌಬಾಯ್ಸ್ ಕಣ್ಣಿಗೆ ಬಿದ್ದ. 2015ರಲ್ಲಿ ಅವರು ಸೇರಿಸಿಕೊಂಡಾಗ ಆತ ಆಡಿದ್ದದ್ದು ಬರೀ ಐದು ಪಂದ್ಯ.

ಡಲ್ಲಾಸ್ ಕೈಬಿಟ್ಟಿತು. ಕ್ಯಾನ್ಸಸ್ ಸಿಟಿ ಕೈಬಿಟ್ಟಿತು. ಅಟ್ಲಾಂಟಾ ಕೈಬಿಟ್ಟಿತು. 2017ರಲ್ಲಿ ಲೀಗ್ ಹೊರದೇಶದ ಹುಡುಗರಿಗಾಗಿ ಒಂದು ಯೋಜನೆ ತಂದಿತು. ಆಯ್ಕೆಯಾದವನು ಒಂದು ತಂಡದ ಅಭ್ಯಾಸ ಬಳಗದಲ್ಲಿ ಇಡೀ ವರ್ಷ ಇರಬಹುದು, ಪಂದ್ಯ ಆಡುವಂತಿಲ್ಲ, ಆದರೆ ತಂಡದ ಸ್ಥಾನಗಳ ಲೆಕ್ಕಕ್ಕೂ ಬರುವುದಿಲ್ಲ. ಅಂದರೆ ಕಲಿಯಲು ಒಂದು ವರ್ಷ. ಒಬಾಡಾ ಕ್ಯಾರೊಲಿನಾ ಪ್ಯಾಂಥರ್ಸ್‌ನಲ್ಲಿ ಆ ವರ್ಷ ಕಳೆದ. ಮರುವರ್ಷ ಪಂದ್ಯ ಆಡುವ 53 ಜನರ ಪಟ್ಟಿಗೆ ಸೇರಿದ. ಆ ಯೋಜನೆಯಿಂದ ಅಲ್ಲಿಗೆ ತಲುಪಿದ ಮೊದಲಿಗ ಆತ.

2018ರ ಸೆಪ್ಟೆಂಬರ್ 23ರಂದು ಸಿನ್ಸಿನಾಟಿ ವಿರುದ್ಧ ಮೊದಲ ಪಂದ್ಯ. ಒಂದು ಸ್ಯಾಕ್ ಮಾಡಿದ, ಒಂದು ಎಸೆತವನ್ನು ಗಾಳಿಯಲ್ಲೇ ಹಿಡಿದ. ಆ ವಾರದ ಅತ್ಯುತ್ತಮ ರಕ್ಷಣಾ ಆಟಗಾರ ಎಂಬ ಗೌರವ ಬಂತು. ಕೋಚ್ ಡರ್ಡ್ 2024ರಲ್ಲಿ ಸಿಯಾಟಲ್ ಸೀಹಾಕ್ಸ್ ತಂಡದ ರಕ್ಷಣಾ ವಿಭಾಗದ ಮುಖ್ಯಸ್ಥನಾದ. ಓಸಿ ಉಮೆನಿಯೋರಾ ಈಗ ಆಫ್ರಿಕಾದ ಊರುಗಳಲ್ಲಿ ಇಂಥ ಹುಡುಗರನ್ನು ಹುಡುಕುವ ಕೆಲಸದಲ್ಲಿದ್ದಾನೆ.

ಒಬಾಡಾ ಸ್ಟ್ರೇಹನ್‌ನಷ್ಟು ದೊಡ್ಡ ಆಟಗಾರ ಆಗಲಿಲ್ಲ. ಆಗಬೇಕಾಗಿಯೂ ಇರಲಿಲ್ಲ. ಮೂರು ತಂಡ ಬೇಡವೆಂದ ಹುಡುಗನಿಗೆ ನಾಲ್ಕನೆಯದು ಒಂದು ವರ್ಷ ಕೊಟ್ಟಿತು, ಅವನು ಅದನ್ನು ಹಾಳು ಮಾಡಲಿಲ್ಲ, ಅಷ್ಟೇ.

ಜೋನ್ಸ್ ಸಿಕ್ಕಿದ್ದು ಬೇರೊಬ್ಬನ ಫಿಲ್ಮಿನಲ್ಲಿ. ಸ್ಟ್ರೇಹನ್ ಉಳಿದದ್ದು ತಂಡ ಕಾದದ್ದರಿಂದ. ಒಬಾಡಾ ಬಂದದ್ದು ಒಂದು ನಿಯಮ ಬಾಗಿಲು ತೆರೆದದ್ದರಿಂದ. ಮೂವರಲ್ಲೂ ಶಕ್ತಿ ಮೊದಲೇ ಇತ್ತು. ಅದನ್ನು ನೋಡುವ ಕಣ್ಣು, ತಿದ್ದುವ ಕೈ, ಕಾಯುವ ಮನಸ್ಸು ಮಾತ್ರ ಬೇರೆಯವರು ಕೊಡಬೇಕಾಯಿತು. ಅದು ಸಿಗದೆ ಹೋದ ಹುಡುಗರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಅವರ ಸ್ಯಾಕುಗಳನ್ನು ಫಿಲ್ಮ್ ನೋಡಿ ಎಣಿಸಲು ಯಾವ ಸಂಶೋಧಕನಿಗೂ ಆಗದು.